ನೇರಳೆ ಮುಚ್ಚಳದ ಆಷಾಢ

ಕಳೆದ ವಾರ ಅಮ್ಮನನ್ನು ರಕ್ತಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಬನಶಂಕರಿ ಕಡೆಯ ಹೊಸ ಲ್ಯಾಬು. ಗಾಜಿನ ಬಾಗಿಲು, ಟೋಕನ್ ಯಂತ್ರ, ಗೋಡೆಯ ತುಂಬ ನಗುತ್ತಿರುವ ಮುದುಕರ ಚಿತ್ರ. ರಕ್ತ ಕೊಡುವಾಗ ಯಾವ ಮುದುಕರೂ ಹಾಗೆ ನಗುವುದಿಲ್ಲ, ಆ ಮಾತು ಬೇರೆ. ಹಿಂದಿನ ದಿನದಿಂದ ಏನೂ ತಿಂದಿಲ್ಲ ಎಂದು ಅಮ್ಮ ಮನೆಯಿಂದ ಹೊರಟ ಮೇಲೆ ಐದು ಸಲ ಹೇಳಿದ್ದಳು. ಒಳಗೆ ಒಬ್ಬಳು ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅಮ್ಮನ ತೋಳನ್ನು ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಐದು ವರ್ಷ ಹಿಂದಿನ ಆಷಾಢಕ್ಕೆ, ಉತ್ತರಹಳ್ಳಿ ಮುಖ್ಯರಸ್ತೆಯ ಒಂದು ಸಣ್ಣ ಮಳಿಗೆಗೆ ಹೋಗಿಬಿಟ್ಟಿದ್ದೆ.

ಆ ವರ್ಷ ನಾನು ಎರಡನೇ ಸಲ ನೀಟ್ ಬರೆದಿದ್ದೆ. ಮೊದಲ ಸಲಕ್ಕಿಂತ ಕಡಿಮೆ ಬಂತು. ಒಂದು ವರ್ಷ ಪೂರ್ತಿ ಬಾಗಿಲು ಹಾಕಿಕೊಂಡು ಓದಿ ಕಡಿಮೆ ತೆಗೆಯುವುದೂ ಒಂದು ಸಾಧನೆಯೇ. ಅಳುತ್ತೇನೆಂದು ಅಮ್ಮ ಕಾದಳು. ಅಳು ಬರಲಿಲ್ಲ. ಕಾಫಿ ತಂದಿಟ್ಟರೆ ಅದರ ಮೇಲೆ ಕೆನೆ ಕಟ್ಟುವುದನ್ನು ನೋಡುತ್ತಾ ಕೂರುತ್ತಿದ್ದೆ. ಹಸಿವು, ನಿದ್ದೆ, ಸಿಟ್ಟು, ಯಾವುದೂ ಸರಿಯಾಗಿ ಮುಟ್ಟುತ್ತಿರಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇರುತ್ತದಲ್ಲ, ನಾನು ಪೂರ್ತಿ ಹಾಗಿದ್ದೆ.

"ಏನಾದ್ರೂ ಮಾತಾಡೇ," ಎನ್ನುತ್ತಿದ್ದಳು ಅಮ್ಮ.

"ಏನ್ ಮಾತಾಡ್ಲಿ?"

ಅಪ್ಪ ಬಸ್ ಡ್ರೈವರ್. ಆಡಬೇಕಾದ ಮಾತನ್ನೆಲ್ಲ ರಸ್ತೆಯಲ್ಲಿ ಬೈಕಿನವರ ಮೇಲೆ ಆಡಿ ಮುಗಿಸಿ ಮನೆಗೆ ಬರುತ್ತಿದ್ದವರು. ಅವರು ಒಂದೇ ಮಾತು ಹೇಳಿದರು: "ನಿಂಗೆ ಹೆಂಗ್ ಅನ್ಸುತ್ತೋ ಹಂಗ್ ಮಾಡು." ನನಗೆ ಏನೂ ಅನ್ನಿಸುತ್ತಿರಲಿಲ್ಲವಲ್ಲ, ಅದೇ ತಾಪತ್ರಯ.

ಪಿಯು ಕಾಲೇಜಿನ ನಮ್ಮ ಬಯಾಲಜಿ ಮೇಡಂ ಫೋನ್ ಮಾಡಿ, ಬಿ.ಎಸ್ಸಿ. ಬಯೋಮೆಡಿಕಲ್ ಸೈನ್ಸ್ ಅಂತ ಒಂದು ಕೋರ್ಸಿದೆ, ನೋಡು ಎಂದರು. ಜಯನಗರದ ಕಾಲೇಜೊಂದರಲ್ಲಿ ಅರ್ಜಿ ಹಾಕಿದೆ. ಸೀಟು ಸಿಕ್ಕಿತು. ಆಗಸ್ಟ್ ಕೊನೆಯ ಶನಿವಾರದೊಳಗೆ ಮೂಲ ಅಂಕಪಟ್ಟಿ ತಂದು ಸೇರಬೇಕು, ಇಲ್ಲವೇ ಬಿಡಬೇಕು. ಅಮ್ಮನ ವಿಚಾರಣೆ ಶುರುವಾಯಿತು.

"ಅದನ್ನ ಓದಿದ್ರೆ ಡಾಕ್ಟ್ರಾ?"

"ಅಲ್ಲ."

"ನರ್ಸಾ?"

"ಅಲ್ಲ."

"ಮತ್ತಿನ್ನೇನೇ ಅದು?"

"ಗೊತ್ತಿಲ್ಲಮ್ಮ."

ನಿಜವಾಗಿಯೂ ಗೊತ್ತಿರಲಿಲ್ಲ. ಅಮ್ಮನಿಗೆ ನಾನು ಮೂರನೇ ಸಲ ನೀಟ್ ಬರೆಯಬೇಕೆಂದು ಆಸೆ. ಮೇಡಂಗೆ ಬಯೋಮೆಡಿಕಲ್ ಸೇರಬೇಕೆಂದು. ಏನೂ ಮಾಡದೆ ಗೋಡೆ ನೋಡುತ್ತಾ ಕೂರುವುದು ಮೂರನೆಯ ದಾರಿ. ಸತ್ಯ ಹೇಳಬೇಕೆಂದರೆ ನನಗೆ ಅದೇ ಹಿಡಿಸಿತ್ತು.

ಗೋಡೆ ನೋಡುವುದನ್ನು ತಪ್ಪಿಸಲೆಂದೇ ಅಮ್ಮ ನನ್ನನ್ನು ಆ ಮಳಿಗೆಗೆ ದಬ್ಬಿದ್ದು. ಅಮ್ಮನದು ಬ್ಲೌಸ್ ಹೊಲಿಯುವ ಅಂಗಡಿ. ಪಕ್ಕದ ಮಳಿಗೆ ರಕ್ತ, ಮೂತ್ರ ತೆಗೆದುಕೊಂಡು ದೊಡ್ಡ ಲ್ಯಾಬಿಗೆ ಕಳಿಸುವ ಕಲೆಕ್ಷನ್ ಸೆಂಟರು. ಎರಡೂ ಪಿಳ್ಳಪ್ಪ ತಾತನ ಕಟ್ಟಡದಲ್ಲೇ ಇದ್ದವು. ತಾತ ಮೇಲಿನ ಮಹಡಿಯಲ್ಲಿ ಮಗನ ಸಂಸಾರದ ಜೊತೆ ಇದ್ದರು. ಈಗ ಕಟ್ಟಡ ನಿಂತಿರುವ ಜಾಗದಲ್ಲಿ ಮೂವತ್ತು ವರ್ಷ ಹಿಂದೆ ಅವರೇ ರಾಗಿ ಬೆಳೆಯುತ್ತಿದ್ದರಂತೆ. "ನಿಮ್ಮಮ್ಮನ ಮಿಷನ್ ಇರೋದು ನನ್ನ ಕಣದ ಮೇಲೆ ಕಣಮ್ಮ," ಎಂದು ನನ್ನನ್ನು ಕಂಡಾಗಲೆಲ್ಲ ಹೇಳುತ್ತಿದ್ದರು.

ಸೆಂಟರನ್ನು ನಡೆಸುತ್ತಿದ್ದವಳು ಶಿವಲೀಲಕ್ಕ. ಬಾದಾಮಿ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆ ಕೋಣೆ. ನಸುಕಿನಲ್ಲೇ ಹೊರಟು ಬನಶಂಕರಿಯಲ್ಲಿ ಬಸ್ ಬದಲಿಸಿ ಆರೂವರೆಗೆಲ್ಲ ಬಾಗಿಲು ತೆಗೆಯುತ್ತಿದ್ದಳು. ರಕ್ತ ತೆಗೆಯುವುದು ಅವಳ ಕೆಲಸ. ಹೆಸರು ಬರೆದುಕೊಂಡು ಟ್ಯೂಬುಗಳಿಗೆ ಲೇಬಲ್ ಹಚ್ಚುವುದು ನನ್ನದು.

"ಏನವಾ, ಬಾಯಾಗ ಮುತ್ತ ಇಟ್ಕೊಂಡೀಯೇನ್? ಒಂದ್ ಮಾತರ ಆಡು," ಎಂದಳು ಮೊದಲ ದಿನ. ನಾನು ಆಡಲಿಲ್ಲ. "ಇರ್ಲಿ ಬಿಡು. ಒಂದ್ ತಿಳ್ಕೊ. ಹೆಸರ ನೀ ಹೇಳಬ್ಯಾಡ, ಅವರ ಬಾಯಿಲೆ ಹೇಳಸು. ನೀ 'ಲಕ್ಷ್ಮಮ್ಮ ಅಲ್ರೀ?' ಅಂತ ಕೇಳಿದಿ ಅಂದ್ರ, ಹಸದ ಹೊಟ್ಟ್ಯಾಗ ಎಲ್ಲಾರೂ ಹೂಂ ಅಂತಾರ."

ಅದು ನಿಜವಾಗಿತ್ತು. ಹಸಿದವರು ಯಾವುದಕ್ಕೂ ಹೂಂ ಎನ್ನುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರೆ "ಬರೀ ಅರ್ಧ ಲೋಟ ಕಾಫಿ, ಅದೂ ಸಕ್ಕರೆ ಇಲ್ದೆ" ಎಂದು ಬರುವವರು. ತಿಂದು ಎರಡು ಗಂಟೆಯ ಮೇಲೆ ಬನ್ನಿ ಎಂದರೆ ಮಸಾಲೆ ದೋಸೆ ಮುಗಿಸಿ ಅರ್ಧ ಗಂಟೆಗೇ ಬಂದು ಕೂರುವವರು. ಮೂತ್ರದ ಬಾಟಲಿಯನ್ನು ಕಳ್ಳಮಾಲಿನ ಹಾಗೆ ಪೇಪರಿನಲ್ಲಿ ಸುತ್ತಿ, ಅದರ ಮೇಲೊಂದು ಬಟ್ಟೆ ಚೀಲದಲ್ಲಿಟ್ಟು ತರುವ ಹೆಂಗಸರು. ಹೊರಗೆ ಆಷಾಢದ ಗಾಳಿ, ಇದ್ದಕ್ಕಿದ್ದಂತೆ ಒಂದು ಸೋನೆ, ಮತ್ತೆ ಬಿಸಿಲು. ಮದುವೆ ಮುಂಜಿ ಇಲ್ಲದ ತಿಂಗಳಾದ್ದರಿಂದ ಅಮ್ಮನ ಮಿಷನ್ ಸದ್ದೂ ಕಡಿಮೆ. ನಾನು ಲೇಬಲ್ ಹಚ್ಚುತ್ತಿದ್ದೆ. ಹಳದಿ ಮುಚ್ಚಳದ ಟ್ಯೂಬಿಗೆ ಒಂದು, ನೇರಳೆ ಮುಚ್ಚಳದ್ದಕ್ಕೆ ಒಂದು. ಯಾವ ಟ್ಯೂಬು ಯಾಕೆ ಎಂದು ಎರಡು ವಾರದಲ್ಲಿ ಒಂದು ಸಲವೂ ಕೇಳಲಿಲ್ಲ.

ತಾತನ ಮೂತ್ರಪಿಂಡ ಸ್ವಲ್ಪ ಸೋತಿತ್ತು. ತಿಂಗಳಿಗೊಮ್ಮೆ ಮಂಕಿ ಟೋಪಿ ಹಾಕಿಕೊಂಡು ಮೆಟ್ಟಿಲಿಳಿದು ಬಂದು ರಕ್ತ ಕೊಟ್ಟು ಹೋಗಬೇಕು. ನನ್ನ ಓದಿನ ಸುದ್ದಿ ಅಮ್ಮನಿಂದ ಅವರಿಗೆ ತಲುಪಿತ್ತು. ಒಂದು ದಿನ ಸುಮ್ಮನೆ ಹರಟಲು ಇಳಿದು ಬಂದವರು ಮೂಲೆಯಲ್ಲಿದ್ದ ಕಸದ ಡಬ್ಬವನ್ನು ಕೋಲಿನಿಂದ ತೋರಿಸಿದರು. ರಕ್ತದ ಹತ್ತಿ ಹಾಕುವ ಹಳದಿ ಡಬ್ಬ.

"ಅದರ ಮೇಲೂ ಬಯೋಮೆಡಿಕಲ್ ಅಂತ್ಲೇ ಬರ್ದಿದೆ. ಅದಕ್ಕೂ ಮೂರು ವರ್ಷ ಓದ್ಬೇಕೇನಮ್ಮ?"

ಶಿವಲೀಲಕ್ಕ ಬಿದ್ದು ಬಿದ್ದು ನಕ್ಕಳು. ನಾನೂ ತುಟಿ ಅಗಲಿಸಿದೆ. ನಗು ಬಂದಿರಲಿಲ್ಲ.

ಆಷಾಢ ಮುಗಿಯುತ್ತಾ ಬಂದಿದ್ದ ಒಂದು ಬೆಳಿಗ್ಗೆ ಅದಾಯಿತು. ಜನ ಬಾಗಿಲವರೆಗೂ ನಿಂತಿದ್ದರು. ತಾತನ ಕೈಯಲ್ಲಿ ನರ ಸಿಗಲಿಲ್ಲ. ಶಿವಲೀಲಕ್ಕ ತಟ್ಟಿದಳು, ಉಜ್ಜಿದಳು, ಚುಚ್ಚಿದಳು. ಹಳದಿ ಟ್ಯೂಬಿಗೆ ರಕ್ತ ತೊಟ್ಟು ತೊಟ್ಟಾಗಿ ಬಂದು ನಿಂತೇ ಹೋಯಿತು. ಸೂಜಿಯನ್ನು ಸ್ವಲ್ಪ ಸರಿಪಡಿಸಿ ನೇರಳೆ ಟ್ಯೂಬು ಸಿಕ್ಕಿಸಿದಳು. ಅದು ತುಂಬಿತು. ಮತ್ತೆ ಹಳದಿ ಹಾಕುವಷ್ಟರಲ್ಲಿ ನರ ಕೈಕೊಟ್ಟಿತು. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಮಗು ಕಿರುಚಿಕೊಳ್ಳುತ್ತಿತ್ತು.

"ರಚನಾ, ಹಳದಿ ಸಾಲಂಗಿಲ್ಲ. ತಾತನ್ನ ಕೂಡ್ಸಿರು, ಈ ಕೂಸಿಂದು ಮುಗ್ಸಿ ಇನ್ನೊಮ್ಮಿ ತಗೋತೀನಿ," ಎಂದು ಅತ್ತ ಹೋದಳು.

"ಇನ್ನೊಂದ್ಸಲಾನಾ?" ತಾತ ನನ್ನ ಮುಖ ನೋಡಿದರು. "ಭೂಮಿ ಆಗಿದ್ರೆ ಬೋರ್‌ವೆಲ್ಲಾದ್ರೂ ಕೊರೀಬೋದಿತ್ತು. ಈ ಕೈಯಲ್ಲಿ ಇನ್ನೇನ್ ಉಳ್ದಿದೆ ಅಂತ ಹುಡುಕ್ತೀರಮ್ಮ?"

ತಮಾಷೆಯಾಗಿ ಹೇಳಲು ನೋಡಿದರು. ಆದರೆ ಅಂಗಿಯ ತೋಳನ್ನು ಆಗಲೇ ಕೆಳಗೆ ಎಳೆದುಕೊಳ್ಳುತ್ತಿದ್ದರು. ಎಷ್ಟೋ ವಾರಗಳಾದ ಮೇಲೆ ನನ್ನೊಳಗೆ ಏನೋ ಒಂದಿಷ್ಟು ಅಲುಗಾಡಿತು. ಅಯ್ಯೋ ಪಾಪ ಅನ್ನಿಸಿತು. ನೇರಳೆ ಟ್ಯೂಬು ತುಂಬಿ ಕೂತಿತ್ತು. ಹಳದಿ ಅರ್ಧವೂ ಇರಲಿಲ್ಲ. ಎರಡರಲ್ಲಿರುವುದೂ ಅದೇ ತಾತನ ರಕ್ತ ತಾನೇ? ಎರಡರ ಮುಚ್ಚಳವನ್ನೂ ತೆಗೆದು, ಇದರಿಂದ ಅದಕ್ಕೆ ಅರ್ಧ ಬೆರಳಿನಷ್ಟು ಸುರಿದೆ. ಮುಚ್ಚಿದೆ. ಲೇಬಲ್ ಹಚ್ಚಿದೆ.

"ನೀವು ಹೋಗಿ ತಾತ, ಸಾಕಾಗುತ್ತೆ."

"ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದು ಎದ್ದು ಹೋದರು. ಶಿವಲೀಲಕ್ಕ ಬಂದು ಟ್ಯೂಬನ್ನು ಬೆಳಕಿಗೆ ಹಿಡಿದು, "ಸಾಕಾಗೂವಷ್ಟ್ ಐತಲ್ಲ, ನಾನ ಸರಿಯಾಗಿ ನೋಡಿರಲಿಲ್ಲೇನ" ಎಂದುಕೊಂಡು ಪೆಟ್ಟಿಗೆಯಲ್ಲಿಟ್ಟಳು. ಹತ್ತು ಗಂಟೆಗೆ ಬೈಕಿನವನು ಬಂದು ಒಯ್ದ.

ಸಂಜೆ ನಾಲ್ಕಕ್ಕೆ ದೊಡ್ಡ ಲ್ಯಾಬಿನಿಂದ ಫೋನು. ತಾತನ ಪೊಟ್ಯಾಷಿಯಂ ವಿಪರೀತ ಏರಿದೆ, ಕ್ಯಾಲ್ಸಿಯಂ ಪಾತಾಳಕ್ಕಿಳಿದಿದೆ, ಮನೆಯವರಿಗೆ ತಕ್ಷಣ ತಿಳಿಸಿ ಎಂದರು. ಪೊಟ್ಯಾಷಿಯಂ ಅಷ್ಟಾದರೆ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು. ಶಿವಲೀಲಕ್ಕ ಒಂದೇ ಉಸಿರಿಗೆ ಮಹಡಿ ಹತ್ತಿದಳು. ಹತ್ತೇ ನಿಮಿಷದಲ್ಲಿ ತಾತನನ್ನು ಮಗ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ತಾತ ಕಿಟಕಿಯಿಂದ ನನ್ನ ಕಡೆ ಕೈ ಆಡಿಸಿದರು. ಆಗಲೂ ನನಗೆ ಗೊತ್ತಾಗಲಿಲ್ಲ ಎಂದರೆ ನೀವು ನಂಬಬೇಕು. ಪಾಪ, ತಾತನಿಗೆ ಕಾಯಿಲೆ ಜಾಸ್ತಿಯಾಗಿದೆ ಎಂದಷ್ಟೇ ತಿಳಿದಿದ್ದೆ.

ಮಾರನೆಯ ಮಧ್ಯಾಹ್ನ ಅವರು ವಾಪಸು ಬಂದರು. ತಾತ ಮೇಲೆ ಹೋದರು. ಮಗ ನೇರವಾಗಿ ಸೆಂಟರಿಗೆ ನುಗ್ಗಿದ.

"ಯಾರ್ರೀ ರಕ್ತ ತೆಗ್ದಿದ್ದು? ಅಲ್ಲಿ ಎರಡೆರಡು ಸಲ ಟೆಸ್ಟ್ ಮಾಡಿದ್ರು, ಎಲ್ಲಾ ನಾರ್ಮಲ್! ಅಷ್ಟೊತ್ತಿಗೆ ಪೊಟ್ಯಾಷಿಯಂ ಇಳ್ಸೋಕೆ ಡ್ರಿಪ್ ಬೇರೆ ಶುರು ಮಾಡಿದ್ರು. ಆಸ್ಪತ್ರೆ ರಿಪೋರ್ಟ್ ಇನ್ನೊಂದು ಗಂಟೆ ತಡ ಆಗಿದ್ರೆ ಇರೋದೂ ಇಳ್ದು ನಮ್ಮಪ್ಪ ಹೋಗ್ಬಿಡೋರು!"

"ನಾನ ತಗೊಂಡಿದ್ದು, ಸರ್," ಎಂದಳು ಶಿವಲೀಲಕ್ಕ.

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಆ ಗಳಿಗೆಯಲ್ಲಿ, ನೇರಳೆಯಿಂದ ಹಳದಿಗೆ ಸುರಿದದ್ದು ನೆನಪಿಗೆ ಬಂತು. ಬಾಯಿ ತೆರೆಯಲಿಲ್ಲ. ಇಷ್ಟು ದಿನ ಏನೂ ಅನ್ನಿಸುತ್ತಿಲ್ಲ, ಮಾತು ಬರುತ್ತಿಲ್ಲ ಎಂದು ಇದ್ದೆನಲ್ಲ, ಈಗ ಅದೇ ಒಳ್ಳೆಯ ಮರೆಯಾಯಿತು. ಎಲ್ಲ ಗೊತ್ತಿದ್ದೇ ಸುಮ್ಮನಿದ್ದೆ. ಅದನ್ನು ಇವತ್ತಿಗೂ ನಾನು ಬೇರೆ ಹೆಸರಿನಿಂದ ಕರೆಯಲಾರೆ, ಹೇಡಿತನವೇ ಸೈ.

ಸ್ವಲ್ಪ ಹೊತ್ತಿಗೆ ಅವಳಿಗೆ ದೊಡ್ಡ ಲ್ಯಾಬಿನ ಆಫೀಸಿನಿಂದ ಫೋನು ಬಂತು. ವಿಚಾರಣೆ ಮುಗಿಯುವವರೆಗೆ ಸೋಮವಾರದಿಂದ ಬರಬೇಡಿ. ಅವಳು ಫೋನಿಟ್ಟು, ಅರ್ಧ ತಿಂದಿದ್ದ ರೊಟ್ಟಿಯ ಡಬ್ಬಿಯನ್ನು ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. "ಹನ್ನೊಂದ್ ವರ್ಷ ಆತು," ಎಂದಳು, ನನಗಲ್ಲ, ಗೋಡೆಗೆ. "ಒಂದ್ ಸಲನೂ ಹಿಂಗ್ ಆಗಿದ್ದಿಲ್ಲ. ಎಲ್ಲಿ ತಪ್ಪಿದ್ನೋ."

ನನ್ನ ಕೈಯಲ್ಲಿ ತಾತನ ರಿಪೋರ್ಟಿನ ಹಾಳೆಯಿತ್ತು. ಎರಡು ಕೆಂಪು ಅಂಕಿ. ಬೇರೆಲ್ಲ ಯಥಾಸ್ಥಿತಿ. ಒಂದೇ ರಕ್ತದಲ್ಲಿ ಒಂದು ಹತ್ತಿ ಇನ್ನೊಂದು ಇಳಿಯಲು ಏನು ಕಾರಣ? ಎದುರಿನ ಸ್ಟ್ಯಾಂಡಿನಿಂದ ಒಂದು ಖಾಲಿ ನೇರಳೆ ಟ್ಯೂಬನ್ನು ಎತ್ತಿಕೊಂಡೆ. ಅದರ ಮೈಮೇಲೆ ಸಣ್ಣ ಅಕ್ಷರಗಳಿದ್ದವು. ಎರಡು ವಾರದಿಂದ ದಿನವೂ ನಾನು ಲೇಬಲ್ ಹಚ್ಚುತ್ತಿದ್ದದ್ದು ಸರಿಯಾಗಿ ಆ ಅಕ್ಷರಗಳ ಮೇಲೆಯೇ. ಕೆ-ಟು ಇಡಿಟಿಎ.

ಇಡಿಟಿಎ ನನಗೆ ಗೊತ್ತಿತ್ತು. ಕೆಮಿಸ್ಟ್ರಿಯಲ್ಲಿ ಅದರ ಚಿತ್ರವನ್ನು ನೂರು ಸಲ ಬರೆದಿದ್ದೆ. ಆರು ಕಡೆಯಿಂದ ಕ್ಯಾಲ್ಸಿಯಮ್ಮನ್ನು ಅಪ್ಪಿ ಹಿಡಿಯುವ ವಸ್ತು. ಕೆ ಎಂದರೆ ಪೊಟ್ಯಾಷಿಯಂ. ಟ್ಯೂಬಿನ ಗೋಡೆಗೆ ಸವರಿದ್ದ ಆ ಪೊಟ್ಯಾಷಿಯಂ ಉಪ್ಪು ರಕ್ತದ ಜೊತೆ ಹಳದಿಗೆ ಇಳಿದಿದೆ, ಹಾಗಾಗಿ ಅದು ಏರಿತು. ಕ್ಯಾಲ್ಸಿಯಮ್ಮನ್ನು ಇಡಿಟಿಎ ಹಿಡಿದಿಟ್ಟಿತು, ಹಾಗಾಗಿ ಇದು ಇಳಿಯಿತು. ಪರೀಕ್ಷೆಗೆ ತಯಾರಾಗುವಾಗ ಇದರ ಮೇಲಿನ ಪ್ರಶ್ನೆಯನ್ನು ನಾನು ಎಂದೂ ತಪ್ಪು ಮಾಡಿದವಳಲ್ಲ. ನಾಲ್ಕಕ್ಕೆ ನಾಲ್ಕು ಅಂಕ. ಆ ಇಡಿಟಿಎ ಕೈಯಲ್ಲೇ ಇದ್ದಾಗ ಅದರ ಮೇಲೆ ಲೇಬಲ್ ಅಂಟಿಸಿ ಕೂತಿದ್ದೆ.

"ಅಕ್ಕ," ಎಂದೆ. ಅವಳು ಚಪ್ಪಲಿ ಮೆಟ್ಟುತ್ತಿದ್ದಳು. "ನೀವಲ್ಲ. ನಾನು. ನೇರಳೆಯಿಂದ ಹಳದಿಗೆ ಸುರಿದೆ. ತಾತಂಗೆ ಇನ್ನೊಂದ್ಸಲ ಚುಚ್ಚೋದು ಬೇಡ ಅಂತ."

ಅವಳು ನನ್ನನ್ನು ನೋಡಿದಳು. ತಬ್ಬಿಕೊಂಡು ಸಮಾಧಾನ ಹೇಳುವ ನೋಟವಲ್ಲ ಅದು.

"ಸುರಿಬಾರ್ದು ಅಂತ ಇದನ್ನೂ ಹೇಳಿಕೊಡಬೇಕಾಗಿತ್ತೇನ್? ನಿನ್ನ ಕರುಣಾ ಯಾರ್ ಕೇಳಿದ್ರು? ಅವರು ಬೈಯೂವಾಗ ಬಾಜೂಕ ಕಲ್ಲ ನಿಂತಂಗ ನಿಂತಿದ್ದಿಯಲ್ಲ, ಆಗ ಎಲ್ಲಿ ಹೋಗಿತ್ತ ನಿನ್ನ ಕರುಣಾ?" ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿಕೊಂಡಳು. "ನಡಿ. ಮುದುಕನ ಮುಂದ ಹೇಳು."

ಆಫೀಸಿಗೆ ಫೋನ್ ಮಾಡಿಸಿ ಮೊದಲು ಅಲ್ಲಿ ಹೇಳಿಸಿದಳು. ಆಮೇಲೆ ಮಹಡಿ ಹತ್ತಿದೆವು. ಗಲಾಟೆ ಕೇಳಿ ಅಮ್ಮನೂ ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡೇ ಹಿಂದೆ ಬಂದಳು. ತಾತ ಮಂಚದ ಮೇಲೆ ಕೂತು ರಾಗಿ ಗಂಜಿ ಕುಡಿಯುತ್ತಿದ್ದರು. ನಾನು ಹೇಳಿದೆ. ಅವರ ಮಗ ಏನೋ ಹೇಳಲು ಹೊರಟ, ತಾತ ಕೈ ಎತ್ತಿ ತಡೆದರು. ಆಮೇಲೆ ಶಾಲನ್ನು ಸರಿಸಿ ಎರಡೂ ತೋಳುಗಳನ್ನು ನನ್ನ ಮುಂದೆ ಚಾಚಿದರು.

ಮುಂಗೈಯಿಂದ ಮೊಣಕೈವರೆಗೆ ಕಪ್ಪುಗಟ್ಟಿತ್ತು. ಡ್ರಿಪ್ಪಿಗೆ ನರ ಸಿಗದೆ ಅಲ್ಲಿ ಇಲ್ಲಿ ಚುಚ್ಚಿದ್ದರು. ಹತ್ತಿಯ ತುಣುಕುಗಳು ಇನ್ನೂ ಅಂಟಿಕೊಂಡಿದ್ದವು.

"ಎಣ್ಸಮ್ಮ," ಎಂದರು. "ಒಂದು ಉಳ್ಸೋಕ್ ಹೋಗಿ ಏಳು ಹಾಕ್ಸಿದೀಯ."

ಆಗ ಅಳು ಬಂತು. ಫಲಿತಾಂಶದ ದಿನ ಬರಬೇಕಾಗಿದ್ದದ್ದೂ ಸೇರಿ ಒಟ್ಟಿಗೆ ಬಂತೇನೋ. ಮೂಗು, ಬಾಯಿ ಎಲ್ಲ ಸೇರಿಸಿಕೊಂಡು, ನೋಡಲು ಅಸಹ್ಯವಾಗುವ ಹಾಗೆ ಅತ್ತೆ. ಯಾರೂ ಸಮಾಧಾನ ಮಾಡಲಿಲ್ಲ. ಅದೇ ಒಳ್ಳೆಯದಾಯಿತು.

"ಅದು ಸರಿ, ಒಂದೇ ರಕ್ತ ಅಲ್ವಾ? ಅದ್ಯಾಕೆ ಹಂಗಾಯ್ತು?" ಎಂದು ತಾತ ಕೇಳಿದರು.

ಮುಖ ಒರೆಸಿಕೋ ಎಂದು ಅಮ್ಮ ಸೆರಗು ಚಾಚಿದಳು. ಒರೆಸಿಕೊಂಡು ಹೇಳಿದೆ. ನೇರಳೆ ಟ್ಯೂಬಿನಲ್ಲಿ ಮೊದಲೇ ಒಂದು ಉಪ್ಪು ಸವರಿರ್ತಾರೆ, ರಕ್ತ ಹೆಪ್ಪುಗಟ್ಟದೆ ಇರ್ಲಿ ಅಂತ. ಹೆಪ್ಪುಗಟ್ಟೋಕೆ ಕ್ಯಾಲ್ಸಿಯಂ ಬೇಕು, ಆ ಉಪ್ಪು ಅದನ್ನ ಹಿಡ್ಕೊಂಡುಬಿಡುತ್ತೆ. ಆ ಉಪ್ಪಲ್ಲೇ ಪೊಟ್ಯಾಷಿಯಂ ಇದೆ. ಮಿಷನ್ನು ಅಳೆದಿದ್ದು ನಿಮ್ಮದಲ್ಲ ತಾತ, ಟ್ಯೂಬಿಂದು. ಎರಡು ತಿಂಗಳಲ್ಲಿ ನಾನು ಆಡಿದ ಅತಿ ಉದ್ದದ ಮಾತು ಅದು. ಶಿವಲೀಲಕ್ಕ ಬಾಗಿಲಿಗೆ ಒರಗಿ ಕೇಳುತ್ತಿದ್ದಳು.

ತಾತ ಶಾಲನ್ನು ಮತ್ತೆ ತೋಳಿನ ಮೇಲೆ ಎಳೆದುಕೊಂಡರು. "ಹಂಗನ್ನು. ಯೂರಿಯಾ ಚೀಲದಲ್ಲಿ ರಾಗಿ ತುಂಬ್ಬಿಟ್ಟು ರಾಗಿ ನಾರುತ್ತೆ ಅಂದಂಗಾಯ್ತು."

"ಅಷ್ಟೇ ತಾತ."

"ಇಷ್ಟೆಲ್ಲ ಆದ್ಮೇಲೆ ಇವ್ಳಿಗೆ ಈ ರಕ್ತದ ಓದೇ ಬೇಡ ಅಣ್ಣ," ಎಂದಳು ಅಮ್ಮ, ತಾತನ ಮಗನಿಗೆ. "ಡಾಕ್ಟ್ರಾಗೋದೂ ಬೇಡ, ಅದ್ಯಾವ್ದೋ ಹಳದಿ ಡಬ್ಬದ ಓದೂ ಬೇಡ. ಬಿ.ಕಾಂ. ಮಾಡ್ಲಿ."

"ಬಿ.ಕಾಂ. ಮಾಡ್ದೋರು ನನ್ ರಕ್ತ ನೋಡ್ತಾರಾ?" ಎಂದು ತಾತ ಗಂಜಿಯ ಲೋಟವನ್ನು ಎತ್ತಿಕೊಂಡರು. "ಮುಂದಿನ ತಿಂಗ್ಳೂ ಕೊಡ್ಬೇಕಲ್ಲ ನಾನು. ಯಾಕೆ ಹಂಗಾಯ್ತು ಅಂತ ಹೇಳೋಕೆ ಒಬ್ರು ಬೇಕಲ್ಲಮ್ಮ. ಆಸ್ಪತ್ರೇಲಿ ಅಷ್ಟ್ ಜನ ಇದ್ರು, ಒಬ್ರೂ ಹೇಳ್ಲಿಲ್ಲ."

ಶಿವಲೀಲಕ್ಕನನ್ನು ವಾರದಲ್ಲಿ ವಾಪಸು ಕರೆದರು. ನನ್ನನ್ನು ಇನ್ನು ಬರಬೇಡ ಎಂದರು. ಸರಿಯಾಗಿಯೇ ಮಾಡಿದರು. ಅವಳು ನನ್ನ ಜೊತೆ ಬಹಳ ದಿನ ಮಾತಾಡಲಿಲ್ಲ. ಶ್ರಾವಣ ಬಂತು, ಅಮ್ಮನ ಮಿಷನ್ ಸದ್ದು ಬೆಳಗಿಂದ ಸಂಜೆವರೆಗೆ ಶುರುವಾಯಿತು. ನಾನು ಮತ್ತೆ ಮನೆಯಲ್ಲಿದ್ದೆ, ಮತ್ತೆ ಅದೇ ಗೋಡೆ. ಮರಗಟ್ಟಿದ್ದು ಒಂದೇ ಏಟಿಗೆ ಬಿಟ್ಟುಹೋಯಿತು ಎಂದರೆ ಸುಳ್ಳಾಗುತ್ತದೆ. ಊಟ ಸಪ್ಪೆಯಾಗಿಯೇ ಇತ್ತು. ಆದರೆ ನಡುನಡುವೆ ಒಂದೊಂದು ಪ್ರಶ್ನೆ ಏಳುತ್ತಿತ್ತು. ಸೋಡಿಯಂ ಯಾಕೆ ಹಾಗೇ ಇತ್ತು? ಅರ್ಧ ಬೆರಳಿನ ಬದಲು ಎರಡೇ ಹನಿ ಬಿದ್ದಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತೇ? ಉತ್ತರ ಹುಡುಕುತ್ತಾ ಕೂತರೆ ಕಾಫಿ ತಣ್ಣಗಾಗಿರುತ್ತಿತ್ತು.

ಆಗಸ್ಟಿನ ಆ ಕೊನೆಯ ಶನಿವಾರ ಮಳೆ ಹನಿಯುತ್ತಿತ್ತು. ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಜಯನಗರಕ್ಕೆ ಹೋದೆ. ಕೌಂಟರಿನಲ್ಲಿದ್ದ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

"ಯೋಚ್ನೆ ಮಾಡಿದೀರಾ? ಮಧ್ಯದಲ್ಲಿ ಬಿಟ್ಟು ಮತ್ತೆ ನೀಟ್ ಅಂತ ಓಡ್ಹೋಗೋರೇ ಜಾಸ್ತಿ."

"ಹೋಗಲ್ಲ ಸಾರ್."

ಈ ಓದು ನನಗೆ ಒಗ್ಗುತ್ತದೆಯೇ ಎಂದು ಆಗ ಗೊತ್ತಿರಲಿಲ್ಲ. ಆ ಹಳದಿ ಟ್ಯೂಬಿನೊಳಗೆ ನಡೆದದ್ದನ್ನು ಪೂರ್ತಿ ತಿಳಿಯಬೇಕಿತ್ತು. ಸೇರಲು ನನ್ನ ಬಳಿ ಇದ್ದ ಕಾರಣ ಅದೊಂದೇ. ಈಗ ಎಂ.ಎಸ್ಸಿ. ಎರಡನೇ ವರ್ಷ. ಪಿಳ್ಳಪ್ಪ ತಾತ ಈಗಲೂ ಕಂಡಾಗ ಕೇಳುತ್ತಾರೆ: "ಚೀಲ ತೊಳ್ದಿದೀಯೇನಮ್ಮ?"

ಬನಶಂಕರಿಯ ಲ್ಯಾಬಿನಲ್ಲಿ ಅಮ್ಮನ ನರವೂ ಸಿಗಲಿಲ್ಲ. ನೇರಳೆ ಟ್ಯೂಬು ತುಂಬಿತು, ಹಳದಿ ಅರ್ಧಕ್ಕೇ ನಿಂತಿತು. ಆ ಹುಡುಗಿ ಹೊಸಬಳು, ಹಣೆಯಲ್ಲಿ ಬೆವರು. ಒಮ್ಮೆ ಎರಡು ಟ್ಯೂಬುಗಳನ್ನೂ ನೋಡಿದಳು, ಒಮ್ಮೆ ಅಮ್ಮನನ್ನು.

"ಇನ್ನೊಂದ್ಸಲಾನಾ?" ಎಂದಳು ಅಮ್ಮ. "ಸಾಕಾಗಲ್ವೇನಮ್ಮ ಅಷ್ಟು?"

ಹುಡುಗಿ ನನ್ನ ಕಡೆ ತಿರುಗಿದಳು.

"ಸಾಕಾಗಲ್ಲ," ಎಂದೆ. "ಚುಚ್ಚಿ."

"ನೀನೇನ್ ಮಗಳೋ ಕಟುಕಳೋ," ಎಂದು ಅಮ್ಮ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಂಡಳು. ಅವಳ ಇನ್ನೊಂದು ಕೈಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.